ಹೊಟ್ಟೆಯೊಳಗೊಂದು ಟ್ಯಾಗ್: ನದಿ ಮೀನಿನ ಜಾಡು ಹಿಡಿಯುವುದು ಹೇಗೆ?

ನೇತ್ರಾವತಿ ನದಿಗೆ ತುಂಬೆಯಲ್ಲಿ ಕಟ್ಟಿದ ಕಿಂಡಿ ಅಣೆಕಟ್ಟಿನ ಕೆಳಗೆ ಬೀಸುಬಲೆಗೆ ಸಿಕ್ಕ ಮೀನು ಮಳೆಗಾಲದಲ್ಲಿ ಉಪ್ಪಿನಂಗಡಿಯತ್ತ ಏರುತ್ತದೆಯೇ, ಅಳಿವೆಯತ್ತ ಇಳಿಯುತ್ತದೆಯೇ ಎಂಬುದು ಬಲೆಯಿಂದ ತಿಳಿಯುವುದಿಲ್ಲ. ಅದೇ ಮೀನನ್ನು ಮತ್ತೆ ಮತ್ತೆ ಗುರುತಿಸಬೇಕಾದರೆ ಅದರ ಹೊಟ್ಟೆಯೊಳಗೆ ಟ್ಯಾಗ್, ಅಂದರೆ ತನ್ನದೇ ಸಂಖ್ಯೆಯನ್ನು ಸಾರುವ ಪುಟ್ಟ ಸಾಧನವನ್ನು ಇರಿಸಬೇಕು. ಅಗತ್ಯ ಅನುಮತಿಗಳನ್ನು ಪಡೆದು, ಕೈ ಪಳಗಿದವರ ಜೊತೆಯಲ್ಲಿ ಮಾತ್ರ ಮಾಡಬಹುದಾದ ಕೆಲಸವಿದು.

ಮೊದಲು ಟ್ಯಾಗ್ ಆರಿಸಬೇಕು. ಬ್ಯಾಟರಿಯಿಲ್ಲದ ಪಿಟ್ ಟ್ಯಾಗ್ ಸುಮಾರು 12 ಮಿ.ಮೀ. ಉದ್ದದ ಗಾಜಿನ ಕೊಳವೆ. ಮೀನು ಆಂಟೆನಾದ ತೀರ ಸಮೀಪ ಹಾದಾಗ ಮಾತ್ರ ಅದು ತನ್ನ ಸಂಖ್ಯೆಯನ್ನು ತಿಳಿಸುವುದರಿಂದ, ಕಿಂಡಿಯಂಥ ಇಕ್ಕಟ್ಟಿನ ದಾರಿಗೆ ಒಪ್ಪುತ್ತದೆ. ಆದರೆ ಹತ್ತಿರದ ಕಬ್ಬಿಣದ ಸರಳುಗಳು ಅದರ ಸಂಕೇತವನ್ನು ಕುಂದಿಸುತ್ತವೆ. ರೇಡಿಯೊ ಟ್ಯಾಗ್ ಸಿಹಿನೀರಿಗೆ ಸರಿ, ಉಪ್ಪುನೀರು ಆ ಅಲೆಗಳನ್ನು ನುಂಗಿಬಿಡುತ್ತದೆ. ಬೇಸಿಗೆಯ ಉಬ್ಬರದಲ್ಲಿ ಉಪ್ಪುನೀರು ಒಳನುಗ್ಗುವ ನೇತ್ರಾವತಿಯ ಕೆಳಪಾತ್ರದಲ್ಲಾಗಲಿ, ಸ್ವರ್ಣಾ–ಸೀತಾ ನದಿಗಳು ಕಡಲು ಸೇರುವ ಕೋಡಿಬೆಂಗ್ರೆಯಲ್ಲಾಗಲಿ ಸಂಖ್ಯೆಯನ್ನು ಶಬ್ದದ ಅಲೆಗಳಲ್ಲಿ ಕಳಿಸುವ ಶಬ್ದದ ಟ್ಯಾಗನ್ನೇ ನೆಚ್ಚಬೇಕು. ಟ್ಯಾಗಿನ ತೂಕ ಮೀನಿನ ತೂಕದ ಶೇ 2ನ್ನು ಮೀರಬಾರದು ಎಂಬುದು ರೂಢಿಯ ಮಿತಿ. ಅರ್ಧ ಕಿಲೋ ಮೀನಿಗೆ 10 ಗ್ರಾಂ.

ಹಿಡಿದ ಮೀನನ್ನು ಒದ್ದೆ ಕೈಯಲ್ಲೇ ಮುಟ್ಟಬೇಕು, ಏಕೆಂದರೆ ಮೈಮೇಲಿನ ಲೋಳೆ ಕಿತ್ತುಹೋದರೆ ಸೋಂಕು ತಗಲುತ್ತದೆ. ಸೀಳುವ ಮುನ್ನ ಮೀನಿಗೆ ಮಂಪರು ಬರಿಸಲು ಬಳಸುವ ಲವಂಗದೆಣ್ಣೆ ನೀರಿನೊಂದಿಗೆ ಬೆರೆಯದ ಕಾರಣ ಅದನ್ನು ಮೊದಲು ಆಲ್ಕೋಹಾಲಿನಲ್ಲಿ ಕರಗಿಸಿ ತೊಟ್ಟಿಗೆ ಹಾಕುತ್ತಾರೆ. ಮೀನು ಮಗುಚಿ, ಬಾಲ ಚಿವುಟಿದರೂ ಅಲುಗದೆ, ಕಿವಿರಿನ ಮುಚ್ಚಳ ಮಾತ್ರ ನಿಧಾನವಾಗಿ ಆಡುತ್ತಿರುವ ಹೊತ್ತೇ ತಕ್ಕ ಹೊತ್ತು. ಅದನ್ನು ಒದ್ದೆ ಸ್ಪಂಜಿನ ತೊಟ್ಟಿಲಲ್ಲಿ ಅಂಗಾತ ಮಲಗಿಸಿ, ಬಾಯಿಯ ಮೂಲಕ ಕಿವಿರಿಗೆ ನೀರು ಹರಿಸುತ್ತ, ಹೊಟ್ಟೆಯ ಈಜುರೆಕ್ಕೆಗಳ ಮುಂದೆ ಟ್ಯಾಗ್ ನುಸುಳುವಷ್ಟೇ ಸೀಳಿ, ಕರುಳಿಗೆ ತಾಗದಂತೆ ಒಳಗೆ ಜಾರಿಸಿ ಎರಡು ಮೂರು ಹೊಲಿಗೆ ಹಾಕುತ್ತಾರೆ. ಇಲ್ಲಿ ಅವಸರಕ್ಕಿಂತ ಹೆಚ್ಚಿನ ಹಾನಿ ಮಾಡುವುದು ವಿಳಂಬ. ಪಳಗಿದ ಕೈಗೆ ಕೆಲವೇ ನಿಮಿಷ ಸಾಕು.

ಮೀನು ನೆಟ್ಟಗೆ ನಿಂತು, ಕೈ ಚಾಚಿದರೆ ತಪ್ಪಿಸಿಕೊಳ್ಳುವಷ್ಟು ಚುರುಕಾದ ಮೇಲೆ, ಸಿಕ್ಕಿದ ಜಾಗದ ಬಳಿಯೇ ಸೆಳೆತವಿಲ್ಲದ ನೀರಿಗೆ ಬಿಡಬೇಕು. ಬೆನ್ನಿನ ಬಳಿ ಹೊರಗುರುತೊಂದನ್ನೂ ಹಾಕಿ, ಅದನ್ನು ದೋಣಿಯವರಿಗೆ ಮೊದಲೇ ತೋರಿಸಿಡುವುದು ಒಳ್ಳೆಯದು. ಮಂಪರು ಮದ್ದು ಪಡೆದ ಮೀನು ಯಾರದೋ ಸಾರಿನ ಪಾತ್ರೆ ಸೇರಬಾರದು.

ಟ್ಯಾಗಿನ ಸದ್ದನ್ನು ಕೇಳಿ ದಾಖಲಿಸುವ ಶಬ್ದ ಗ್ರಾಹಕಗಳನ್ನು ನೀರಿಗೆ ಇಳಿಸುವ ಮುನ್ನ ಟ್ಯಾಗೊಂದನ್ನು ಹಗ್ಗಕ್ಕೆ ಕಟ್ಟಿ, 50, 100, 200 ಮೀಟರ್ ದೂರಗಳಲ್ಲಿ ಉಬ್ಬರ, ಇಳಿತ ಎರಡರಲ್ಲೂ ಪರೀಕ್ಷಿಸಬೇಕು. ಜುಲೈಯ ಕೆಂಪು ನೆರೆಯಲ್ಲಿ ಸದ್ದು ಹೆಚ್ಚುವುದರಿಂದ ಕೇಳುವ ದೂರ ಕುಗ್ಗುತ್ತದೆ. ಒಂದೇ ಗ್ರಾಹಕವಿದ್ದರೆ ಮೀನು ಬಂದದ್ದು ತಿಳಿಯುತ್ತದೆ, ಹೋದ ದಿಕ್ಕು ತಿಳಿಯುವುದಿಲ್ಲ. ಆದ್ದರಿಂದ ಅಣೆಕಟ್ಟಿನ ಮೇಲೊಂದು, ಕೆಳಗೊಂದು ಬೇಕು. ಅವುಗಳ ಗಡಿಯಾರಗಳೂ ಒಂದೇ ಸಮಯ ತೋರಿಸಬೇಕು.

ದಾಖಲೆಯನ್ನು ಓದುವಾಗ ಒಂಟಿಯಾಗಿ ಬಂದ ಸಂಕೇತವನ್ನು ನಂಬಬೇಡಿ. ಗದ್ದಲವೂ ಅಂಥ ಸಂಖ್ಯೆಯನ್ನು ಹುಟ್ಟಿಸುತ್ತದೆ. ವಾರಗಟ್ಟಲೆ ಒಂದೇ ಗ್ರಾಹಕದಲ್ಲಿ ಎಡೆಬಿಡದೆ ಕೇಳಿಸುವ ಟ್ಯಾಗ್ ಮೀನಿನ ವಾಸಸ್ಥಾನವನ್ನೇ ಹೇಳುತ್ತಿದೆ ಎನ್ನಲಾಗದು. ಮೀನು ಸತ್ತಿರಬಹುದು, ಇಲ್ಲವೇ ಹೊಲಿಗೆ ಬಿಚ್ಚಿ ಟ್ಯಾಗ್ ಹೊಳೆಯ ತಳದಲ್ಲಿ ಬಿದ್ದಿರಬಹುದು.