ಬಿ.ಎಚ್. ರಸ್ತೆ ಹಿಡಿದು ಕಡಲಿಗೆ: ನನ್ನ ಅನುಭವ

ತುಮಕೂರಿನಲ್ಲಿ ನಾವು ದಿನಾ ಓಡಾಡುವ ಬಿ.ಎಚ್. ರಸ್ತೆಯ 'ಎಚ್' ಅಂದರೆ ಹೊನ್ನಾವರ. ಆದರೂ ಕರಾವಳಿಗೆ ಹೋಗುವ ಪಾರ್ಟಿ, ಅಂದರೆ ಪ್ರವಾಸದ ಗುಂಪು, ಸಿಕ್ಕರೆ ನಮ್ಮ ಟಿಟಿ (ಟೆಂಪೋ ಟ್ರಾವೆಲರ್) ಗಾಡಿಗಳೆಲ್ಲ ಹಾಸನ, ಶಿರಾಡಿ ಘಾಟಿ ಕಡೆಗೇ ತಿರುಗುತ್ತವೆ. ನಾನು ಉಲ್ಟಾ ಮಾಡಿದೆ. ತಿಪಟೂರು, ಶಿವಮೊಗ್ಗ, ಸಾಗರ ದಾಟಿ ಸೀದಾ ಹೊನ್ನಾವರ. ವಾಪಸ್ ಮಾತ್ರ ಶಿರಾಡಿ. ಸ್ಟ್ಯಾಂಡಿನಲ್ಲಿ ನಕ್ಕರು. "360 ಕಿಲೋಮೀಟರ್ ಓಡಿಸಿ ಆಮೇಲೆ ಸಮುದ್ರ ತೋರಿಸ್ತೀಯಾ? ಡೀಸೆಲ್ಲಿಗೆ ಮನೆ ಅಡ ಇಡ್ಬೇಕಾಗುತ್ತೆ ಕಣಣ್ಣ."

ಮೊದಲ ಟ್ರಿಪ್ಪಿನಲ್ಲಿ ಅವರು ಹೇಳಿದ ಹಾಗೇ ಆಯ್ತು. ಜೂನ್ ಮೊದಲ ವಾರ. ಮಳೆ ಇನ್ನೂ ಶುರುವಾಗಿಲ್ಲವಲ್ಲ ಅಂದುಕೊಂಡು ಹೊರಟೆ. ಮಲ್ಪೆಯಲ್ಲಿ ಸೇಂಟ್ ಮೇರೀಸ್ ದ್ವೀಪದ ದೋಣಿ ಮಳೆಗಾಲಕ್ಕೆ ಅಂತ ಆಗಲೇ ಬಂದ್. ಪಾರ್ಟಿಯವರು ಬಿಡ್ತಾರಾ? ಸುಮಾರು 9,000 ರೂಪಾಯಿ ಕೈಯಿಂದ ವಾಪಸ್ ಕೊಟ್ಟೆ.

ಎರಡನೇ ಸಲ ಅಕ್ಟೋಬರ್. ಕುಮಟಾ ಹತ್ತಿರದ ಮಿರ್ಜಾನ್ ಕೋಟೆಗೆ ಮಧ್ಯಾಹ್ನ ಹನ್ನೆರಡೂವರೆಗೆ ಕರೆದುಕೊಂಡು ಹೋದೆ. ಚಿರೆಕಲ್ಲು ಕಾದು ಕೆಂಡ. ಅಜ್ಜಿಯೊಬ್ಬರು ಗೋಡೆ ನೆರಳಲ್ಲಿ ಕೂತುಬಿಟ್ಟರು. ಗೇರುಸೊಪ್ಪೆಯ ಚೆನ್ನಭೈರಾದೇವಿ, ಪೋರ್ಚುಗೀಸರು ಕಾಳುಮೆಣಸಿನ ರಾಣಿ ಅಂತಿದ್ದವಳು, ಅವಳ ಕತೆ ಶುರು ಮಾಡಿದೆ. "ರಾಣಿ ಕತೆ ಆಮೇಲೆ ಹೇಳಪ್ಪ, ಮೊದಲು ನೀರು ಕೊಡು" ಅಂದರು.

ಈಗ ರಾತ್ರಿ ಹತ್ತಕ್ಕೆ ಹೊರಡುತ್ತೇನೆ. ಬೆಳಗಿನ ಜಾವ ಜೋಗ, ಘಾಟಿ ಇಳಿದು ಹೊನ್ನಾವರದಲ್ಲಿ ಸ್ನಾನ, ಊಟ, ಒಂದು ನಿದ್ದೆ. ಮೂರು ಗಂಟೆ ಮಟ್ಟಿಗೆ ರೂಮ್ ಅಗ್ಗಕ್ಕೆ ಕೊಡುವವರು ಒಬ್ಬರಿದ್ದಾರೆ. ಯಾರು ಅಂತ ಮಾತ್ರ ಕೇಳಬೇಡಿ. ನಾಲ್ಕು ಗಂಟೆಗೆ ಮಿರ್ಜಾನ್. ಮಳೆಗಾಲ ಮುಗಿದ ಹೊಸದರಲ್ಲಿ ಗೋಡೆ ಮೇಲೆಲ್ಲ ಹುಲ್ಲು, ಇಳಿಬಿಸಿಲು. ಅದೇ ಅಜ್ಜಿಯನ್ನು ಇನ್ನೊಮ್ಮೆ ಕರೆದುಕೊಂಡು ಹೋಗಬೇಕು ಅನ್ನಿಸುತ್ತದೆ. ರಾತ್ರಿ ಮುರುಡೇಶ್ವರ. ಮಾರನೇ ದಿನ 123 ಅಡಿ ಶಿವನನ್ನು ನೋಡಿಕೊಂಡು ದಕ್ಷಿಣಕ್ಕೆ. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ನದಿ. ಅಲ್ಲಿ ಹದಿನೈದು ನಿಮಿಷ ಸಾಕು, ಫೋಟೋ ಮುಗಿಯುತ್ತದೆ.

ನಡುವೆ ಒಂದು ಪ್ರಯೋಗ. ನಮ್ಮವರಿಗೆ ಎರಡು ದಿನ ಕುಚ್ಚಲಕ್ಕಿ ತಿಂದರೆ ಮುಖ ಸಪ್ಪೆ. ಐದು ಕೆಜಿ ರಾಗಿ ಹಿಟ್ಟು ಒಯ್ದು ಮಲ್ಪೆಯ ಹೋಟೆಲಿನಲ್ಲಿ ಮುದ್ದೆ ಮಾಡಿಸಿದೆ. ಗಂಟು ಗಂಟು! ಆಮೇಲೆ ನಾನೇ ಕೋಲು ಹಿಡಿದೆ. ಬಂಗುಡೆ ಸಾರಿಗೆ ಮುದ್ದೆ ಭಾರಿ ಹೊಂದುತ್ತದೆ, ಆದರೆ ಆ ಪಾರ್ಟಿಯಲ್ಲಿ ಮೀನು ತಿನ್ನುವವರು ಇಬ್ಬರೇ. ಕೈಬಿಟ್ಟೆ.

ಮೂರನೇ ದಿನ ಮೊದಲ ದೋಣಿಗೇ ದ್ವೀಪ. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾಗುವ ಕಾಲದಲ್ಲಿ ಉಕ್ಕಿದ ಲಾವಾ ಆರಿ, ಬಿರಿದು ಕಂಬಗಳಾಗಿ ನಿಂತಿದೆ. ಕಳೆದ ಸಲ ಶಿರಾ ಕಡೆಯ ಕಲ್ಲು ಕೆಲಸದ ಯಜಮಾನರು ಬಂದಿದ್ದರು. ಒಂದು ಕಂಬದ ಆರೂ ಅಂಚನ್ನು ಬೆರಳಲ್ಲಿ ಸವರಿ ನೋಡಿದರು. "ಉಳಿ ಗುರುತೇ ಇಲ್ವಲ್ಲೋ" ಅಂದರು. ದೋಣಿ ಸೀಟಿ ಹೊಡೆದರೂ ಏಳಲಿಲ್ಲ.

ಆಮೇಲೆ ಕಾರ್ಕಳ. 1432ರ ಗೊಮ್ಮಟ, 42 ಅಡಿ. ಮಂಡಿ ನೋವಿನವರು ಕೆಳಗೇ ಉಳಿಯುತ್ತಾರೆ. ಅಲ್ಲಿಂದ ಶಿರಾಡಿ ಹತ್ತಿ ಮನೆ.

ಈಗ ಲೆಕ್ಕ. ಒಟ್ಟು ಓಟ 900 ಕಿ.ಮೀ. ಆಸುಪಾಸು. ಉಡುಪಿಗೆ ಹೋಗಿ ಮಿರ್ಜಾನ್ ಮುಟ್ಟಿ ಅದೇ ದಾರಿಯಲ್ಲಿ ಬಂದರೆ ಇದಕ್ಕಿಂತ ಜಾಸ್ತಿಯೇ ಆಗುತ್ತದೆ, ಅಲ್ವಾ? ತಲೆಗೆ 5,200ರಂತೆ 14 ಸೀಟು. ಡೀಸೆಲ್, ರೂಮು, ಊಟ, ಡ್ರೈವರ್ ಬಾಟಾ (ದಿನಭತ್ಯೆ) ಎಲ್ಲ ಕಳೆದು ಕೈಗೆ 14-15 ಸಾವಿರ. ನಕ್ಕವರಲ್ಲಿ ಇಬ್ಬರು ಈಗ ಹೊನ್ನಾವರದ ರೂಮಿನ ನಂಬರ್ ಕೇಳುತ್ತಿದ್ದಾರೆ.