ರೇಡಿಯೊ ಸುದ್ದಿ ಬರವಣಿಗೆಯನ್ನು ತರಗತಿಯಲ್ಲಿ ಕಲಿಸುವ ಬಗೆ

ವಿದ್ಯುನ್ಮಾನ ಮಾಧ್ಯಮದ ಪಾಠವನ್ನು ಕ್ಯಾಮೆರಾದಿಂದ ಆರಂಭಿಸಬಾರದು, ಧ್ವನಿಯಿಂದ ಆರಂಭಿಸಬೇಕು ಎಂಬುದು ನನ್ನ ದೃಢವಾದ ನಿಲುವು. ದೃಶ್ಯವಿದ್ದರೆ ದುರ್ಬಲ ವಾಕ್ಯವೂ ಅದರ ಆಸರೆಯಲ್ಲಿ ಸಾಗಿಬಿಡುತ್ತದೆ. ರೇಡಿಯೊದಲ್ಲಿ ಆ ಆಸರೆಯಿಲ್ಲ. ಈ ಪಾಠಕ್ಕೆ ದುಬಾರಿ ಸ್ಟುಡಿಯೊ ಕೂಡ ಬೇಕಿಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರವನ್ನು ಆರಂಭಿಸಿದ್ದರು ಎಂಬುದನ್ನು ಮೊದಲ ತರಗತಿಯಲ್ಲೇ ಹೇಳಿದರೆ ವಿದ್ಯಾರ್ಥಿಗಳಿಗೂ ಧೈರ್ಯ ಬರುತ್ತದೆ.

ಮೊದಲ ಅಭ್ಯಾಸವಾಗಿ ಪತ್ರಿಕೆಯ ಶೈಲಿಯ ಒಂದು ವಾಕ್ಯವನ್ನು ಕೊಡಿ. ಉದಾಹರಣೆಗೆ: ‘ಬರಪೀಡಿತ ಗ್ರಾಮಗಳಲ್ಲಿ ಮೇವು ಬ್ಯಾಂಕ್ ತೆರೆಯುವಂತೆ ಒತ್ತಾಯಿಸಿ ರೈತರು ಜಿಲ್ಲಾಧಿಕಾರಿ ಕಚೇರಿ ಎದುರು ಸೋಮವಾರ ನಡೆಸಿದ ರಸ್ತೆ ತಡೆಯಿಂದಾಗಿ ಸಂಚಾರ ಅಸ್ತವ್ಯಸ್ತಗೊಂಡಿತು.’ ಇದನ್ನು ಒಬ್ಬರು ಒಮ್ಮೆ ಮಾತ್ರ ಓದಲಿ, ಉಳಿದವರು ಕೇಳಿ, ನೆನಪಿನಲ್ಲಿ ಉಳಿದದ್ದನ್ನು ಬರೆಯಲಿ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ವಾಕ್ಯ ಉದ್ದವಾದಷ್ಟೂ ಕೇಳುಗರು ಅರ್ಥಕ್ಕಾಗಿ ಕಾಯಬೇಕಾಗುತ್ತದೆ; ಇಲ್ಲಿಯಂತೂ ಕೊನೆಗೆ ಕಿವಿಯಲ್ಲಿ ನಿಲ್ಲುವುದು ಸಂಚಾರದ ತೊಂದರೆಯೇ ಹೊರತು ರೈತರ ಬೇಡಿಕೆಯಲ್ಲ. ಅನಂತರ ಅದನ್ನೇ ಒಡೆದು ಬರೆಸಿ: ‘ಬರಪೀಡಿತ ಗ್ರಾಮಗಳಲ್ಲಿ ಮೇವು ಬ್ಯಾಂಕ್ ತೆರೆಯಬೇಕೆಂದು ರೈತರು ಒತ್ತಾಯಿಸಿದ್ದಾರೆ. ಜಿಲ್ಲಾಧಿಕಾರಿ ಕಚೇರಿಯ ಎದುರು ಅವರು ಇಂದು ರಸ್ತೆ ತಡೆ ನಡೆಸಿದರು.’ ಎರಡನ್ನೂ ಕೇಳಿದವರ ಟಿಪ್ಪಣಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಆಗುವ ಅರಿವು ಒಂದು ಗಂಟೆಯ ಉಪನ್ಯಾಸದಿಂದಲೂ ಆಗದು. ಆದ್ದರಿಂದ ಈ ಅಭ್ಯಾಸಕ್ಕೆ ಕನಿಷ್ಠ ಎರಡು ವಾರ ಮೀಸಲಿಡಿ.

ಅಂಕಿಗಳನ್ನು ಅಕ್ಷರಗಳಲ್ಲೇ ಬರೆಸಿ. 1,47,863 ಎಂಬುದು ‘ಸುಮಾರು ಒಂದೂವರೆ ಲಕ್ಷ’ ಆಗಬಹುದು; ಆದರೆ ಸಾವಿನ ಸಂಖ್ಯೆಯನ್ನೂ ಚುನಾವಣೆಯ ಗೆಲುವಿನ ಅಂತರವನ್ನೂ ಹಾಗೆ ಅಂದಾಜಿಗೆ ಇಳಿಸಬಾರದು.

ಓದಿನ ವೇಗಕ್ಕೆ ಇಂಗ್ಲಿಷ್ ಪಠ್ಯಗಳಲ್ಲಿರುವ ಪದಗಳ ಲೆಕ್ಕವನ್ನು ಅನುಸರಿಸಬೇಡಿ. ವಿಭಕ್ತಿ ಪ್ರತ್ಯಯಗಳನ್ನು ಹೊತ್ತ ಕನ್ನಡ ಪದಗಳು ಉದ್ದವಾಗಿರುವುದರಿಂದ ಆ ಲೆಕ್ಕ ನಮಗೆ ಒಗ್ಗುವುದಿಲ್ಲ. ಪ್ರತಿಯೊಬ್ಬರೂ ಒಂದು ನಿಮಿಷ ಸಹಜವಾಗಿ ಓದಿ ತಮ್ಮದೇ ಲೆಕ್ಕ ಕಂಡುಕೊಳ್ಳಲಿ. ಧ್ವನಿಮುದ್ರಣಕ್ಕೆ ಮೊಬೈಲ್ ಸಾಕು: ಫ್ಯಾನ್ ಆರಿಸಿ, ದಪ್ಪ ಪರದೆಯಿರುವ ಕೋಣೆಯನ್ನು ಆರಿಸಿಕೊಂಡು, ಮೈಕನ್ನು ಬಾಯಿಂದ ಒಂದು ಗೇಣು ದೂರದಲ್ಲಿ, ಸ್ವಲ್ಪ ಓರೆಯಾಗಿ ಹಿಡಿಯಬೇಕು. ಸಂಕಲನಕ್ಕೆ ಉಚಿತವಾಗಿ ದೊರೆಯುವ ಆಡಾಸಿಟಿ ತಂತ್ರಾಂಶವನ್ನು ಬಳಸಬಹುದು.

ಉಚ್ಚಾರಣೆಯ ವಿಷಯದಲ್ಲಿ ಬೋಧಕರಿಗೆ ವಿಶೇಷ ಎಚ್ಚರ ಬೇಕು. ಅಕಾರ–ಹಕಾರ, ಶಕಾರ–ಸಕಾರ, ಅಲ್ಪಪ್ರಾಣ–ಮಹಾಪ್ರಾಣಗಳ ವ್ಯತ್ಯಾಸವನ್ನು ವಾರ್ತೆಯ ಓದಿಗಾಗಿ ತಿದ್ದಲೇಬೇಕು. ಆದರೆ ಕಲಬುರಗಿಯಿಂದಲೋ ಕುಂದಾಪುರದಿಂದಲೋ ಬಂದ ವಿದ್ಯಾರ್ಥಿಯ ಆಡುಮಾತನ್ನು ಎಲ್ಲರೆದುರು ತಪ್ಪೆಂದು ಎತ್ತಿ ತೋರಿಸಿದರೆ ಆತ ಮತ್ತೆ ಮೈಕಿನ ಮುಂದೆ ಬರಲು ಹಿಂಜರಿಯುತ್ತಾನೆ. ಜನರ ಸಂದರ್ಶನದ ತುಣುಕುಗಳನ್ನು ಅವರವರ ಮಾತಿನಲ್ಲೇ ಉಳಿಸಿಕೊಳ್ಳುವುದನ್ನೂ ಕಲಿಸಿ. ಆ ಮಾತಿನ ಸೊಗಡು ಸುದ್ದಿಯ ಸತ್ವವೇ ಆಗಿದೆ.

ಕಾನೂನಿನ ಪಾಠವನ್ನು ಪಠ್ಯಕ್ರಮದ ಬೇರೆ ಪತ್ರಿಕೆಗೆಂದು ಮುಂದೂಡಬೇಡಿ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಸಂತ್ರಸ್ತ ಮಗುವಿನ ಹೆಸರು ಮತ್ತು ವಿಳಾಸವಷ್ಟೇ ಅಲ್ಲದೆ ಶಾಲೆ, ಕುಟುಂಬ, ನೆರೆಹೊರೆಯ ವಿವರಗಳನ್ನೂ ಮಾಧ್ಯಮಗಳು ಬಹಿರಂಗಪಡಿಸುವಂತಿಲ್ಲ. ಧ್ವನಿಯಿಂದಲೂ ಗುರುತು ಸಿಗಬಹುದು ಎಂಬುದನ್ನು ಸಂಕಲನದ ಮೇಜಿನ ಬಳಿಯಲ್ಲೇ ತೋರಿಸಿಕೊಡಿ.

ನಿಮ್ಮ ವಿಶ್ವವಿದ್ಯಾಲಯದಲ್ಲಿ ಸಮುದಾಯ ಬಾನುಲಿ (ಸ್ಥಳೀಯರಿಗಾಗಿ ನಡೆಸುವ ಸಣ್ಣ ರೇಡಿಯೊ ಕೇಂದ್ರ) ಇದ್ದರೂ ವಿದ್ಯಾರ್ಥಿಗಳ ವಾರ್ತಾಸಂಚಿಕೆಯನ್ನು ಅಲ್ಲಿ ಬಿತ್ತರಿಸಲಾಗದು. ಅಂಥ ಕೇಂದ್ರಗಳು ಆಕಾಶವಾಣಿಯ ವಾರ್ತೆಯನ್ನು ಮರುಪ್ರಸಾರ ಮಾಡಬಹುದೇ ಹೊರತು ಸ್ವಂತ ಸುದ್ದಿ ಪ್ರಸಾರಕ್ಕೆ ಅನುಮತಿಯಿಲ್ಲ. ಹವಾಮಾನ, ಸಂಚಾರ, ಪರೀಕ್ಷೆ ಮತ್ತು ಫಲಿತಾಂಶ, ನೀರು–ವಿದ್ಯುತ್ ಪೂರೈಕೆ ಮುಂತಾದ ಪ್ರಕಟಣೆಗಳಿಗೆ ಅವಕಾಶವುಂಟು. ಹಾಗಾಗಿ ವಾರ್ತಾಸಂಚಿಕೆಯನ್ನು ತರಗತಿಯಲ್ಲೇ ಕೇಳಿಸಿ, ಈ ಪ್ರಕಟಣೆಗಳನ್ನು ಸಮುದಾಯ ಬಾನುಲಿಗೆ ಸಿದ್ಧಪಡಿಸಲು ಹೇಳಿ.

ಅಂಕ ಕೊಡುವಾಗ ಲಿಖಿತ ಪ್ರತಿಯನ್ನು ಮುಚ್ಚಿಟ್ಟು, ಧ್ವನಿಮುದ್ರಣವನ್ನು ಮೊದಲು ಒಮ್ಮೆ ಮಾತ್ರ ಕೇಳಿ. ಯಾರು, ಎಲ್ಲಿ, ಏನು ಎಂಬುದು ನಿಮಗೇ ತಿಳಿಯದಿದ್ದರೆ ಪ್ರತಿಯನ್ನು ತಿದ್ದಿ ಬರೆಯುವಂತೆ ಅದೇ ದಿನ ಹಿಂದಿರುಗಿಸಿ.