ಮೇಲಿನ ಮನೆಯ ಬಚ್ಚಲು, ನಮ್ಮ ಮನೆಯ ಚಾವಣಿ

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ನೆರೆಹೊರೆಯವರ ನಡುವೆ ಮನಸ್ತಾಪ ತರುವ ಸಂಗತಿಗಳಲ್ಲಿ ವಾಹನ ನಿಲ್ಲಿಸುವ ಜಾಗದ ಜೊತೆಗೇ ಬಚ್ಚಲಿನ ಸೋರಿಕೆಯೂ ಬರುತ್ತದೆ. ನಮ್ಮ ಬಚ್ಚಲುಮನೆಯ ಚಾವಣಿಯಲ್ಲಿ ಹಳದಿ ಕಲೆಯೊಂದು ಮೂಡಿ, ಬಣ್ಣ ಉಬ್ಬಿ, ಸುತ್ತಲೂ ಬಿಳಿಯ ಉಪ್ಪು ಕಟ್ಟಿ, ಕೊನೆಗೆ ನೀರು ತೊಟ್ಟಿಕ್ಕತೊಡಗಿದಾಗ ಇಬ್ಬರು ಮೇಸ್ತ್ರಿಗಳನ್ನು ಕರೆಸಿದೆ. ಒಬ್ಬರು ಕೆಳಗಿನಿಂದಲೇ ರಾಸಾಯನಿಕ ಬಳಿದು ಮುಚ್ಚಿಬಿಡೋಣ ಎಂದರು; ಮತ್ತೊಬ್ಬರು ಮೇಲಿನ ಮನೆಯ ಟೈಲ್ಸ್ ಪೂರ್ತಿ ಒಡೆಯಬೇಕು ಎಂದರು. ನೀರು ಎಲ್ಲಿಂದ ಬರುತ್ತಿದೆ ಎಂದು ಇಬ್ಬರೂ ವಿಚಾರಿಸದೇ ಇದ್ದುದರಿಂದ ಅದನ್ನು ಪತ್ತೆಹಚ್ಚುವ ಕೆಲಸವನ್ನು ನಾನೇ ವಹಿಸಿಕೊಂಡೆ.

ನಮ್ಮ ಕಟ್ಟಡದಲ್ಲಿ, ಈ ಊರಿನ ಬಹುಪಾಲು ಹಳೆಯ ಕಟ್ಟಡಗಳಲ್ಲಿರುವಂತೆ, ಬಚ್ಚಲಿನ ಭಾಗದ ಸ್ಲ್ಯಾಬನ್ನು ಉಳಿದ ನೆಲಕ್ಕಿಂತ ಸುಮಾರು ಒಂದು ಅಡಿ ತಗ್ಗಿಸಿ ಕಟ್ಟಿದ್ದಾರೆ. ಇದಕ್ಕೆ ಸಂಕನ್ ಸ್ಲ್ಯಾಬ್ ಎನ್ನುತ್ತಾರೆ. ಆ ತಗ್ಗಿನಲ್ಲಿ ಕೊಳಚೆ ನೀರಿನ ಪೈಪುಗಳನ್ನು ಹಾಯಿಸಿ, ಇಟ್ಟಿಗೆ ಚೂರು ತುಂಬಿ, ಮೇಲೆ ಗಾರೆ ಹಾಕಿ ಟೈಲ್ಸ್ ಕೂರಿಸಿರುತ್ತಾರೆ. ಟೈಲ್ಸಿನ ಸಂದುಗಳಿಂದ ಇಳಿದ ನೀರು ತೊಟ್ಟಿಯಲ್ಲಿ ನಿಂತಂತೆ ಅಲ್ಲೇ ನಿಂತು, ಸ್ಲ್ಯಾಬಿನ ದುರ್ಬಲ ಜಾಗವನ್ನು ಹುಡುಕಿಕೊಂಡು ಕೆಳಗಿಳಿಯುತ್ತದೆ. ಹಾಗಾಗಿ ಕೆಳಗೆ ಕಲೆ ಕಾಣಿಸುವ ಜಾಗಕ್ಕೂ ಮೇಲೆ ನೀರು ಒಳಹೊಗುವ ಜಾಗಕ್ಕೂ ಸಂಬಂಧವಿರಲೇಬೇಕೆಂದಿಲ್ಲ. ಕೆಳಗಿನಿಂದ ಬಳಿಯುವ ಲೇಪವೂ ಇದೇ ಕಾರಣಕ್ಕೆ ನಿಷ್ಪ್ರಯೋಜಕ: ತಗ್ಗಿನಲ್ಲಿರುವ ನೀರು ಅಲ್ಲೇ ಉಳಿದು, ಇನ್ನೊಂದು ಕಡೆ ದಾರಿ ಮಾಡಿಕೊಳ್ಳುತ್ತದೆ, ಅಷ್ಟರಲ್ಲಿ ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ.

ಸೋರಿಕೆಯ ಮೂಲವನ್ನು ಅದರ ವೇಳೆಯಿಂದಲೇ ಬಹುಮಟ್ಟಿಗೆ ಊಹಿಸಬಹುದು. ನಲ್ಲಿಗೆ ನೀರು ತರುವ ಪೈಪು ಒಡೆದಿದ್ದರೆ ಯಾರೂ ಬಚ್ಚಲು ಬಳಸದಿದ್ದರೂ ಹನಿ ನಿಲ್ಲುವುದಿಲ್ಲ, ಏಕೆಂದರೆ ಅದರಲ್ಲಿ ಸದಾ ಒತ್ತಡವಿರುತ್ತದೆ. ಹೊರಹೋಗುವ ಪೈಪು ಅಥವಾ ಕಮೋಡಿನ ಜೋಡಣೆ ಕೆಟ್ಟಿದ್ದರೆ ಬಳಸಿದಾಗ ಮಾತ್ರ ನೀರು ಸೇರುತ್ತದೆ. ಹೊರಗೋಡೆಯ ಬಿರುಕಾಗಿದ್ದರೆ ಮಳೆ ಬಂದಾಗ ಹೆಚ್ಚುತ್ತದೆ. ಇಲ್ಲಿರುವ ತೊಡಕೆಂದರೆ ಇಟ್ಟಿಗೆ ಚೂರಿನ ನಡುವೆ ಸಂಗ್ರಹವಾದ ನೀರು ಖಾಲಿಯಾಗಲು ಹಲವು ದಿನ ಹಿಡಿಯುವುದರಿಂದ ಒಂದು ರಾತ್ರಿ ವಾಲ್ವ್ ಮುಚ್ಚಿ ನೋಡುವ ಪರೀಕ್ಷೆ ಏನನ್ನೂ ಹೇಳುವುದಿಲ್ಲ.

ಮೇಲಿನ ಮನೆಯಲ್ಲಿದ್ದವರು ಬಾಡಿಗೆದಾರರು, ಮಾಲೀಕರು ವಿದೇಶದಲ್ಲಿದ್ದರು. "ನಾವು ಬಾಡಿಗೆಗಿರೋರು ಸರ್, ಓನರ್ ಹತ್ರ ಮಾತಾಡಿ" ಎಂಬ ಮಾತಿನಲ್ಲಿ ತಪ್ಪೇನೂ ಇರಲಿಲ್ಲ, ಆದರೆ ಬಚ್ಚಲನ್ನು ಬಿಟ್ಟುಕೊಡಬೇಕಾದವರು ಅವರೇ ಆದ್ದರಿಂದ ಮೊದಲು ಅವರನ್ನೇ ಕೆಳಗೆ ಕರೆದು ಚಾವಣಿ ತೋರಿಸಿದೆ. ದಸರಾ ರಜೆಗೆ ಅವರು ಊರಿಗೆ ಹೊರಟಾಗ ಬಚ್ಚಲಿನ ವಾಲ್ವನ್ನು ತೆರೆದೇ ಇಡಲು ಕೇಳಿಕೊಂಡೆ. ಬಳಕೆಯಿಲ್ಲ, ಆದರೆ ಪೈಪಿನಲ್ಲಿ ಒತ್ತಡವಿದೆ. ರಜೆ ಮುಗಿಯುವ ಹೊತ್ತಿಗೆ ಹನಿ ಕ್ರಮೇಣ ಕಡಿಮೆಯಾಗಿ ನಿಂತಿತು; ಅಲ್ಲಿಗೆ ನಲ್ಲಿಯ ಪೈಪಿನ ಮೇಲಿನ ಅನುಮಾನ ಹೋಯಿತು. ಅವರು ಮರಳಿದ ಮೇಲೆ ಕೆಲವು ದಿನ ನೆಲವನ್ನು ಒಣಗಿಸಿಟ್ಟು ಕಮೋಡನ್ನು ಮಾತ್ರ ಬಳಸಿದರು. ಆಗಲೂ ಚಾವಣಿ ಒಣಗಿಯೇ ಇತ್ತು.

ಉಳಿದದ್ದು ನೆಲ. ನೀರು ಹೋಗುವ ಟ್ರ್ಯಾಪಿನ ಬಾಯಿಯನ್ನು ಬಿಗಿಯಾಗಿ ಮುಚ್ಚಿ, ನೆಲದ ಮೇಲೆ ಒಂದು ಅಂಗುಲದಷ್ಟು ನೀರು ನಿಲ್ಲಿಸಿ, ಗೋಡೆಯ ಮೇಲೆ ಪೆನ್ಸಿಲ್ ಗುರುತು ಹಾಕಿ 24 ಗಂಟೆ ಬಿಟ್ಟೆವು. ಆವಿಯಾಗಿ ಹೋಯಿತು ಎಂಬ ವಾದ ಬಾರದಿರಲೆಂದು ಪಕ್ಕದಲ್ಲೇ ಒಂದು ಅಗಲವಾದ ಪಾತ್ರೆಯಲ್ಲಿ ನೀರಿಟ್ಟು ಅದಕ್ಕೂ ಗುರುತು ಹಾಕಿದ್ದೆ. ಪಾತ್ರೆಯ ನೀರು ಹೆಚ್ಚುಕಡಿಮೆ ಹಾಗೆಯೇ ಇತ್ತು, ನೆಲದ ನೀರು ಕಣ್ಣಿಗೆ ಕಾಣುವಷ್ಟು ಇಳಿದಿತ್ತು, ಕೆಳಗೆ ಹನಿ ಮತ್ತೆ ಶುರುವಾಗಿತ್ತು. ನೀರಿಗೆ ಬಣ್ಣ ಬೆರೆಸಿ ನೋಡುವವರೂ ಇದ್ದಾರೆ. ಆದರೆ ಗಾರೆ, ಇಟ್ಟಿಗೆಗಳ ಮೂಲಕ ಇಳಿಯುವಾಗ ಬಣ್ಣ ಮಾಸಿಹೋಗಬಹುದಾದ್ದರಿಂದ, ಕೆಳಗೆ ಬಣ್ಣ ಬಾರದಿದ್ದರೆ ಅದನ್ನು ಸಾಕ್ಷಿಯೆಂದು ಹಿಡಿಯಲಾಗದು. ಮಾಲೀಕರಿಗೆ ಎರಡು ಗುರುತುಗಳ ಫೋಟೋ ಕಳಿಸಿದೆ. ಫ್ಲ್ಯಾಟಿನ ಒಳಗಿನ ದುರಸ್ತಿ ಆ ಫ್ಲ್ಯಾಟಿನವರ ಹೊಣೆ, ಅದನ್ನು ಮಾಡದೆ ಇತರರಿಗೆ ಹಾನಿಯಾದರೆ ಅದೂ ಅವರದೇ ಎಂಬ ಮಾತು ನಮ್ಮ ಸಂಘದ ಬೈಲಾದಲ್ಲಿದೆ. ಅದನ್ನು ಉಲ್ಲೇಖಿಸುವ ಅಗತ್ಯವೇ ಬರಲಿಲ್ಲ.

ಟೈಲ್ಸಿನ ಸಂದುಗಳಲ್ಲಿದ್ದ ಸಿಮೆಂಟ್ ಗ್ರೌಟ್ ಅನೇಕ ಕಡೆ ಕರಗಿಹೋಗಿತ್ತು. ಬಚ್ಚಲು ತೊಳೆಯಲು ಬಳಸುವ ಆ್ಯಸಿಡ್ ಕಲೆಯ ಜೊತೆಗೆ ಸಿಮೆಂಟನ್ನೂ ತಿನ್ನುತ್ತದೆಂಬುದು ಬಾಟಲಿ ಕೊಳ್ಳುವಾಗ ಎಷ್ಟು ಮಂದಿಗೆ ನೆನಪಿರುತ್ತದೋ. ಮೇಸ್ತ್ರಿಯವರು ಸಣ್ಣ ಗ್ರೈಂಡರಿನಿಂದ ಸಂದುಗಳನ್ನು ಆಳಕ್ಕೆ ಕೆರೆದು, ಪೂರ್ತಿ ಒಣಗಿಸಿ, ಎಪಾಕ್ಸಿ ಎಂಬ ರಾಳದಿಂದ ಮಾಡಿದ ಗ್ರೌಟ್ ತುಂಬಿದರು. ಟ್ರ್ಯಾಪಿನ ಸುತ್ತಲಿನ ಟೈಲ್ಸನ್ನು ಮಾತ್ರ ತೆಗೆದು, ಅಲ್ಲಿ ಬಿರುಕುಬಿಟ್ಟಿದ್ದ ಗಾರೆಯನ್ನು ಹೊಸದಾಗಿ ಹಾಕಿದರು. ಎಪಾಕ್ಸಿ ಗಟ್ಟಿಯಾಗುವವರೆಗೆ ನೀರು ಸೋಕಬಾರದಾದ್ದರಿಂದ ಆ ಮನೆಯವರು ಕೆಲವು ದಿನ ಇನ್ನೊಂದು ಬಚ್ಚಲಿನಲ್ಲೇ ಸುಧಾರಿಸಿಕೊಂಡರು. ಟೈಲ್ಸಿನ ಅಡಿಯ ಜಲನಿರೋಧಕ ಪದರ ಹಾಳಾಗಿದ್ದರೆ ಈ ಕೆಲಸ ಕೆಲವು ವರ್ಷಗಳ ಬಿಡುವು ಕೊಡಬಹುದಷ್ಟೆ. ಆಮೇಲೆ ನೆಲವನ್ನು ಒಡೆಯಲೇಬೇಕಾಗುತ್ತದೆ ಎಂದು ಮಾಲೀಕರಿಗೆ ಮೊದಲೇ ತಿಳಿಸಿದ್ದೆ.

ನೀರು ನಿಲ್ಲಿಸುವ ಪರೀಕ್ಷೆಯನ್ನು ಮತ್ತೆ ಮಾಡಿ, ಗುರುತು ಇಳಿಯದಿರುವುದನ್ನು ಖಚಿತಪಡಿಸಿಕೊಂಡ ಮೇಲೂ ನಮ್ಮ ಚಾವಣಿಗೆ ಕೂಡಲೇ ಬಣ್ಣ ಹೊಡೆಸಲಿಲ್ಲ. ತಗ್ಗಿನಲ್ಲಿ ಉಳಿದಿದ್ದ ನೀರು ಇಳಿದು ಮುಗಿಯುವವರೆಗೆ ಕಾಯಬೇಕಿತ್ತು. ಬಿಳಿ ಉಪ್ಪನ್ನು ಒಣ ಬ್ರಷ್ಷಿನಿಂದಲೇ ಉಜ್ಜಿ ತೆಗೆದೆ, ಏಕೆಂದರೆ ಒದ್ದೆ ಬಟ್ಟೆಯಿಂದ ಒರೆಸಿದರೆ ಅದು ಕರಗಿ ಮತ್ತೆ ಒಳಗೇ ಸೇರುತ್ತದೆ. ಸುತ್ತಿಗೆಯ ಹಿಡಿಯಿಂದ ತಟ್ಟಿ, ಟೊಳ್ಳು ಸದ್ದು ಬಂದ ಗಾರೆಯನ್ನು ಮಾತ್ರ ಕೆಡವಿಸಿದೆ. ಕಬ್ಬಿಣಕ್ಕೆ ತುಕ್ಕು ಹಿಡಿದಿರಲಿಲ್ಲ. ಹೊಸ ಗಾರೆಯೂ ಒಣಗಿದ ನಂತರ ಪ್ರೈಮರ್, ಪುಟ್ಟಿ, ಬಣ್ಣದ ಕೆಲಸ ಸಾಮಾನ್ಯ ಪೇಂಟಿಂಗಿನಂತೆಯೇ ನಡೆಯಿತು, ಅದರ ಖರ್ಚನ್ನು ಮೇಲಿನ ಮನೆಯ ಮಾಲೀಕರೇ ಕೊಟ್ಟರು.